ಭಾಂಡೆಯಕ್ಕ ಬಿಟ್ಟುಹೋದ ಸೀರೆಗಳು

ನಮ್ಮ ಓಣಿಗೆ ತಿಂಗಳಿಗೊಮ್ಮೆ ತಲೆ ಮೇಲೆ ಬುಟ್ಟಿ ಹೊತ್ತುಕೊಂಡು ಒಬ್ಬ ಅಕ್ಕ ಬರುತ್ತಾರೆ. ಹಳೇ ಸೀರೆ, ಪ್ಯಾಂಟು ಕೊಟ್ಟರೆ ಸ್ಟೀಲ್ ಭಾಂಡೆ ಕೊಡುತ್ತಾರೆ. ಮದುವೆಯಾಗಿ ಕಲಬುರಗಿಯ ಬ್ರಹ್ಮಪುರಕ್ಕೆ ಬಂದಾಗಿನಿಂದ ಅವರನ್ನು ನೋಡುತ್ತಿದ್ದೇನೆ. ನಮ್ಮ ಅಡುಗೆಮನೆಯ ಅರ್ಧ ಡಬ್ಬಿಗಳು ನಮ್ಮ ಅತ್ತೆಯ ಹಳೇ ಸೀರೆ ಕೊಟ್ಟು ತಗೊಂಡವೇ.

ಹೋದ ವರ್ಷ ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಎರಡು ದೊಡ್ಡ ಗಂಟು ಕಟ್ಟಿ ಇಟ್ಟಿದ್ದೆ. ಅಕ್ಕ ಬಂದರು, ಗಂಟು ಬಿಚ್ಚಿದರು. ಒಂದೊಂದೇ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಜರಿ ಇದ್ದ ಮೂರು ಸೀರೆ, ಒಂದು ಜೀನ್ಸ್ ಪ್ಯಾಂಟು ತಮ್ಮ ಕಡೆ ಇಟ್ಟುಕೊಂಡರು. ಉಳಿದದ್ದನ್ನೆಲ್ಲ ನನ್ನ ಕಡೆ ಸರಿಸಿದರು.

“ಇವು ಬ್ಯಾಡ್ರಿ ಅಕ್ಕಾರ. ಯಾರೂ ತಗೊಳ್ಳಂಗಿಲ್ಲ. ಎಲ್ಲಾರ ಮನ್ಯಾಗೂ ಇವೇ ಅವ.”

ಅವರು ಹೋದ ಮೇಲೆ ಆ ರಾಶಿಯ ಮುಂದೆ ಸುಮ್ನೆ ಕೂತೆ. ಕಸದ ಗಾಡಿಗೆ ಹಾಕಿಬಿಡು ಅಂದರು ಮನೆಯವರು. ಹಾಕಲು ಮನಸ್ಸು ಬರಲಿಲ್ಲ. ಅದಕ್ಕೊಂದು ಕಾರಣ ಇತ್ತು. ಅದರ ಹಿಂದಿನ ಮಳೆಗಾಲದಲ್ಲಿ ನಮ್ಮ ಓಣಿಯ ನಾಲಿ ಕಟ್ಟಿಕೊಂಡು ಹೊಲಸು ನೀರು ಮನೆ ಬಾಗಿಲಿಗೆ ಬಂದಿತ್ತು. ಸ್ವಚ್ಛ ಮಾಡಲು ಬಂದವರು ಕೋಲು ಹಾಕಿ ಎಳೆದರು, ಬರಲಿಲ್ಲ. ಆಮೇಲೆ ಒಬ್ಬರು ಬರಿಗೈ ಹಾಕಿ ಎಳೆದರು. ಐದು ಮೀಟರಿನ ಒಂದು ಸೀರೆ ಉದ್ದಕ್ಕೂ ಹೊರಗೆ ಬಂತು. ಬಣ್ಣ ಒಂಚೂರೂ ಮಾಸಿರಲಿಲ್ಲ. ಅದು ನಾನು ಎಸೆದದ್ದೇ ಆಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಎಸೆದ ಮೇಲೆ ಅದು ನಮ್ಮದಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದನ್ನು ಯಾರೋ ಒಬ್ಬರು ಕೈಯಿಂದ ಎಳೆಯಬೇಕಾಗುತ್ತದೆ.

“ಕೌದಿ ಹೊಲಿ” ಅಂದರು ಅತ್ತೆ. ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಕೈಯಲ್ಲಿ ಹೊಲಿಯುವ ಹಾಸು. ಅವರಿಗೆ ಎಪ್ಪತ್ತೆರಡು. ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆದರೆ ಬಟ್ಟೆ ಮುಟ್ಟಿದರೆ ಸಾಕು, ಅದೇನು ಅಂತ ಹೇಳುತ್ತಾರೆ.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಮೊದಲು ಲೆಕ್ಕ ಮಾಡಿಕೊಂಡೆ. ಒಟ್ಟು 57 ಬಟ್ಟೆ. ಅತ್ತೆ ಅವನ್ನು ಮುಟ್ಟಿ ಮುಟ್ಟಿ ಹತ್ತಿಯವು, ಹತ್ತಿಯಲ್ಲದವು ಅಂತ ಎರಡು ಗುಡ್ಡೆ ಮಾಡಿದರು. ನಾನು ಪರೀಕ್ಷೆ ಮಾಡಿ ನೋಡೋಣ ಅಂತ ಪ್ರತಿ ಬಟ್ಟೆಯಿಂದ ಒಂದು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ ಚಿಮಟಾದಲ್ಲಿ ಹಿಡಿದು ದೀಪಕ್ಕೆ ತೋರಿಸಿದೆ. ಹತ್ತಿ ಎಳೆ ಕಾಗದದ ಹಾಗೆ ಉರಿಯುತ್ತದೆ, ಕಾಗದ ಸುಟ್ಟ ವಾಸನೆಯೇ ಬರುತ್ತದೆ, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಸ್ಟರ್ ಬೆಂಕಿ ಕಂಡ ಕೂಡಲೇ ಮುದುಡಿ ಕರಗುತ್ತದೆ. ಆರಿದ ಮೇಲೆ ಕರಿ ಮಣಿಯಂಥ ಗಟ್ಟಿ ಗುಂಡು. ಹತ್ತಿ, ಪಾಲಿಸ್ಟರ್ ಬೆರೆಸಿದ ಟೆರಿಕಾಟ್ ಅಂಗಿಯ ಎಳೆ ಎರಡನ್ನೂ ತೋರಿಸುತ್ತದೆ: ಸ್ವಲ್ಪ ಉರಿಯುತ್ತದೆ, ಸ್ವಲ್ಪ ಗುಂಡಾಗುತ್ತದೆ. ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರ ಕೂರಿಸಿ ಮಾಡಬೇಕಾದ ಕೆಲಸ ಇದು.

ಅತ್ತೆಯ ಬೆರಳು ಎರಡೇ ಎರಡು ಬಟ್ಟೆಯಲ್ಲಿ ತಪ್ಪಿತ್ತು. 57ರಲ್ಲಿ ಪೂರ್ತಿ ಹತ್ತಿಯವು 11. ಅವುಗಳಲ್ಲೂ ಎಂಟು ಅತ್ತೆಯ ಹಳೇ ಸೀರೆಗಳು ಮತ್ತು ತೀರಿಹೋದ ಮಾವನವರ ಧೋತರಗಳು. ನನ್ನ, ಮನೆಯವರ, ಮಕ್ಕಳ ಬಟ್ಟೆ ಎಲ್ಲ ಸೇರಿ ಮೂರು.

ನನಗೆ ಬಹಳ ಬೇಸರವಾದದ್ದು ಆಗಲೇ. ನಾವು ಇರುವುದು ಹತ್ತಿ ಬೆಳೆಯುವ ಎರೆಮಣ್ಣಿನಲ್ಲಿ. ನನ್ನ ತವರು ಜೇವರ್ಗಿ ತಾಲೂಕು, ಅಣ್ಣನ ಹೊಲದಲ್ಲಿ ತೊಗರಿ, ಹತ್ತಿ ಎರಡೂ ಇವೆ. ಇದೇ ಊರಲ್ಲಿ ನಿಜಾಮರ ಕಾಲದಲ್ಲಿ ಮೆಹಬೂಬ್ ಶಾಹಿ ಬಟ್ಟೆ ಮಿಲ್ (ಎಂಎಸ್‌ಕೆ ಮಿಲ್) ಇತ್ತು. ಮಾವನವರ ಅಪ್ಪ ಅಲ್ಲಿ ನೂಲಿನ ವಿಭಾಗದಲ್ಲಿ ದುಡಿದವರು. ಮಿಲ್ ಮುಚ್ಚಿಹೋಗಿ ಈಗ ಎಂಎಸ್‌ಕೆ ಮಿಲ್ ಅನ್ನುವುದು ಒಂದು ಏರಿಯಾದ ಹೆಸರಾಗಿ ಉಳಿದಿದೆ. 2023ರಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು. ಅದರಲ್ಲಿ ಕಲಬುರಗಿಯೂ ಒಂದು. ಹಿಂದೆ ಮಿಲ್ ಇತ್ತು, ಮುಂದೆ ಪಾರ್ಕ್ ಬರುತ್ತದೆ, ಸುತ್ತ ಹತ್ತಿ ಹೊಲ ಇದೆ. ಇಷ್ಟಿದ್ದೂ ನಮ್ಮ ಮನೆಯ ಕಪಾಟಿನಲ್ಲಿ ಹತ್ತಿ ಬಟ್ಟೆ ಹುಡುಕಬೇಕಾಯಿತು.

ಹತ್ತಿ ಬಟ್ಟೆಗೂ ಅದರದೇ ಖರ್ಚಿದೆ. ಒಂದು ಹತ್ತಿ ಟೀ ಶರ್ಟ್ ತಯಾರಾಗಲು, ಬೆಳೆಯಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಅಂದಾಜಿದೆ. ನಮ್ಮ ಮನೆ ಮೇಲಿನ ಟಾಕಿ 500 ಲೀಟರಿನದು. ಅಂದರೆ ಹೆಚ್ಚುಕಡಿಮೆ ಐದೂವರೆ ಟಾಕಿ. ಭೀಮಾ ನದಿಯಿಂದ, ಬೆಣ್ಣೆತೊರಾದಿಂದ ಬರುವ ನಳದ ನೀರಿಗೆ ಬೇಸಿಗೆಯಲ್ಲಿ ನಾವು ಹೇಗೆ ಕಾಯುತ್ತೇವೆ ಅಂತ ಈ ಊರಿನವರಿಗೆ ಹೇಳಬೇಕಿಲ್ಲ. ಅಷ್ಟು ನೀರು ಕುಡಿದ ಬಟ್ಟೆಯನ್ನು ನನ್ನ ಮಗ ಏಳು ತಿಂಗಳು ಹಾಕಿಕೊಂಡು ಬಿಟ್ಟಿದ್ದ.

ಹಳೇ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಹೊಸ ಬಟ್ಟೆ ಮಾಡುತ್ತಾರಲ್ಲ ಅಂತ ಮಗಳು ಕೇಳಿದಳು. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆ ಹರಿದು ಮತ್ತೆ ನೂಲು ತೆಗೆದು ಕಂಬಳಿ ಮಾಡುವ ದೊಡ್ಡ ಉದ್ಯಮವೇ ಇದೆ, ನಿಜ. ಆದರೆ ಜಗತ್ತಿನ ಲೆಕ್ಕದಲ್ಲಿ ಬಟ್ಟೆಗೆ ಹೋಗುವ ಸರಕಿನಲ್ಲಿ ಮತ್ತೆ ಹೊಸ ಬಟ್ಟೆಯಾಗಿ ಬರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಬ್ರಿಟನ್ನಿನ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ ಅನ್ನುವ ಸಂಸ್ಥೆ 2017ರಲ್ಲಿ ಹೇಳಿತ್ತು. ದೀಪದ ಮುಂದೆ ಟೆರಿಕಾಟ್ ಎಳೆ ಹಿಡಿದಾಗಲೇ ಒಂದು ಕಾರಣ ಕಂಡಿತ್ತು. ಎರಡು ಜಾತಿಯ ನೂಲು ಹೊಸೆದುಕೊಂಡಿದ್ದರೆ ಬೇರೆ ಮಾಡುವುದು ಬಹಳ ಕಷ್ಟ.

ಇನ್ನು ಕೌದಿಯ ವಿಷಯ. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲಿನ ಫರಸಿ ಹಾಕಿದ್ದಾರೆ. ಕೌದಿ ಹಾಸಲು ಅಂಥ ನೆಲವೇ ಬೇಕು, ತಂಪು ಮತ್ತು ಸಪಾಟು. ಕೆಳಗೆ ಅತ್ತೆಯ ಒಂದು ಹಳೇ ಹತ್ತಿ ಸೀರೆ. ನಡುವೆ ಸವೆದ, ಹರಿದ ತುಂಡುಗಳ ಎರಡು ಪದರ. ಮೇಲೆ ಬಣ್ಣದ ಚೌಕಗಳು. ನಾಲ್ಕು ಮೂಲೆಗೆ ನಾಲ್ಕು ಭಾರದ ಡಬ್ಬಿ ಇಟ್ಟು ಎಳೆದು ನಿಲ್ಲಿಸಿ, ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೂಡಿಸಿಕೊಳ್ಳಬೇಕು. ಆಮೇಲೆ ಅಂಚಿನಿಂದ ಒಳಕ್ಕೆ ಸುತ್ತು ಬರುತ್ತ ಬೆರಳಗಲ ಬಿಟ್ಟು ಸಾಲು ಸಾಲಾಗಿ ಹೊಲಿಗೆ. ನಾನು ಸಣ್ಣವಳಿದ್ದಾಗ ಕೌದಿ ಹೊಲಿಯುವ ಹೆಂಗಸರು ಓಣಿ ಓಣಿ ತಿರುಗಿ ಕೆಲಸ ಕೇಳುತ್ತಿದ್ದರು. ಜೋಳ, ದುಡ್ಡು, ಊಟ ಕೊಟ್ಟರೆ ಮನೆ ಅಂಗಳದಲ್ಲೇ ಕೂತು ಮುಗಿಸಿಕೊಟ್ಟು ಹೋಗುತ್ತಿದ್ದರು. ಅವರ ಕೈ ಎಷ್ಟು ಬೇಗ ಓಡುತ್ತಿತ್ತು ಅನ್ನುವುದು ನನಗೆ ಈಗ ಅರ್ಥವಾಯಿತು. ನನ್ನ ಮೊದಲ ಸುತ್ತಿಗೇ ನಾಲ್ಕು ಸಂಜೆ ಹಿಡಿದವು.

ತಪ್ಪುಗಳೂ ಆದವು. ಮಕ್ಕಳ ಜೀನ್ಸ್ ತುಂಡುಗಳನ್ನು ನಡುವಿನ ಪದರಕ್ಕೆ ಹಾಕಿದೆ. ಗಟ್ಟಿಯಾಗಿ ಬಾಳಿಕೆ ಬರುತ್ತದೆ ಅಂದುಕೊಂಡಿದ್ದೆ. ಸೂಜಿ ಎರಡು ಮುರಿದವು, ಒದ್ದೆಯಾದ ಕೌದಿಯನ್ನು ಎತ್ತಲು ಇಬ್ಬರು ಬೇಕಾಯಿತು. ಒಂದು ಕೆಂಪು ಪರಕಾರದ (ಲಂಗದ) ತುಂಡು ಮೊದಲ ತೊಳೆತಕ್ಕೇ ಬಣ್ಣ ಬಿಟ್ಟು ಬಿಳಿ ಧೋತರವನ್ನೆಲ್ಲ ಗುಲಾಬಿ ಮಾಡಿತು. ಹೊಸ ತುಂಡು ಸೇರಿಸುವ ಮೊದಲು ಉಪ್ಪುನೀರಲ್ಲಿ ಒಂದು ರಾತ್ರಿ ನೆನೆಹಾಕು, ನೀರಿಗೆ ಬಣ್ಣ ಇಳಿಯಿತೋ ಇಲ್ಲವೋ ನೋಡು ಅಂತ ಅತ್ತೆ ಮೊದಲೇ ಹೇಳಿದ್ದರು, ನಾನು ಅವಸರ ಮಾಡಿದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ, ಚೆಂದ ಕಾಣುತ್ತದೆ ಅಂತ ಮೇಲಿನ ಪದರಕ್ಕೆ ಒಂದು ಸಿಂಥೆಟಿಕ್ ಸೀರೆ ಹಾಕಿದ್ದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದರ ಮೇಲೆ ಮಲಗಿದ ಮಗ ಅರ್ಧ ತಾಸಿಗೆ ಬೆವತು ಎದ್ದ. ಆ ಪದರವನ್ನು ಪೂರ್ತಿ ಬಿಚ್ಚಿದೆ. ಬಿಚ್ಚುವುದಕ್ಕೆ ಹೊಲಿದಷ್ಟೇ ದಿನ ಹಿಡಿಯಿತು.

ಎರಡನೇ ಕೌದಿ ಚೆನ್ನಾಗಿ ಬಂತು. ಕೊನೆಯ ಮೂಲೆ ಮುಚ್ಚುವ ಮೊದಲು ಅತ್ತೆ ತಡೆದರು. ಒಳಗೆ ಹೋಗಿ ಒಂದು ಚೂರು ಜೋಳದ ರೊಟ್ಟಿ ತಂದು, ಆ ಸಂದಿಯಲ್ಲಿ ಇಟ್ಟು, “ಈಗ ಹೊಲಿಯವಾ. ಕೌದಿ ಹೊಟ್ಟಿ ಹಸಿದಿರಬಾರದು” ಅಂದರು. ಅವರ ಅವ್ವ ಹಾಗೆ ಮಾಡುತ್ತಿದ್ದರಂತೆ. ಒಂದು ಹಳೇ ಬಟ್ಟೆಗೆ ಇಷ್ಟು ಮರ್ಯಾದೆ ಕೊಡುವವರ ಮನೆಯಲ್ಲಿ ಇದ್ದುಕೊಂಡು ನಾನು ಇಷ್ಟು ವರ್ಷ ಗಂಟು ಕಟ್ಟಿ ಹೊರಗೆ ಹಾಕುತ್ತಿದ್ದೆನಲ್ಲ ಅನ್ನಿಸಿ ಕಣ್ಣು ತುಂಬಿ ಬಂತು.

ಕೌದಿಯನ್ನು ಬಿಸಿಲಿಗೆ ಹಾಕಿದ್ದು ನೋಡಿ ಓಣಿಯವರಿಗೆ ಸುದ್ದಿ ಹೋಯಿತು. ಒಂದು ವಾರದಲ್ಲಿ ನಮ್ಮ ಕಟ್ಟೆ ಮೇಲೆ ಚೀಲಗಳು ಬಂದು ಬೀಳಲು ಶುರುವಾದವು. ಮೊದಲು ಖುಷಿಪಟ್ಟೆ. ಬಿಚ್ಚಿ ನೋಡಿದರೆ ಒಗೆಯದ ಬಟ್ಟೆ, ಒಳಬಟ್ಟೆ, ಹರಿದ ಚಪ್ಪಲಿ, ಬೂಷ್ಟು ಹಿಡಿದ ಪರದೆ. ಕೊಟ್ಟವರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಒಬ್ಬ ವೈನಿ ಬಹಳ ಪ್ರೀತಿಯಿಂದಲೇ ಹೇಳಿದರು, “ಛಲೋ ಆತು ನೋಡ್ರಿ, ಕಪಾಟ ಖಾಲಿ ಆತು, ಈಗ ಹೊಸಾವು ತರ್ಲಾಕ ಜಾಗ ಆತು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡುತ್ತಿರುವುದು ಪರಿಸರದ ಕೆಲಸ ಅಂದುಕೊಂಡಿದ್ದೆ. ಆದರೆ ಓಣಿಯವರಿಗೆ ನಾನು ಇನ್ನೊಂದು ಕಸದ ಗಾಡಿ ಆಗಿದ್ದೆ. ಕಪಾಟು ಖಾಲಿ ಮಾಡಿಕೊಟ್ಟರೆ ಅದು ಮತ್ತೆ ತುಂಬುತ್ತದೆ.

ಮರುದಿನದಿಂದ ಚೀಲ ತಗೊಳ್ಳುವುದನ್ನು ನಿಲ್ಲಿಸಿದೆ. ಕೆಲವರಿಗೆ ಸಿಟ್ಟು ಬಂತು. ಅದರ ಬದಲು ಭಾನುವಾರ ಸಂಜೆ ನಮ್ಮ ಪಡಸಾಲೆಗೆ ಬನ್ನಿ, ನಿಮ್ಮ ಬಟ್ಟೆ ನೀವೇ ಒಗೆದು ತನ್ನಿ, ನಿಮ್ಮ ಕತ್ತರಿ, ಸೂಜಿ ತನ್ನಿ ಅಂತ ಮನೆ ಮನೆಗೆ ಹೋಗಿ ಕರೆದೆ. ಮೊದಲ ವಾರ ಇಬ್ಬರು ಬಂದರು. ಮಳೆಗಾಲದ ಹೊತ್ತಿಗೆ ಒಂಬತ್ತು ಜನ. ತಮ್ಮದೇ ಸೀರೆಯನ್ನು ಕೈಯಲ್ಲಿ ಹಿಡಿದು ಅದು ಯಾವಾಗ ತಂದದ್ದು, ಎಷ್ಟು ಸಲ ಉಟ್ಟದ್ದು ಅಂತ ಹೇಳಿಕೊಳ್ಳುವಾಗ ಒಬ್ಬೊಬ್ಬರಿಗೂ ಏನೋ ಆಗುತ್ತದೆ. ಕಪಾಟು ಖಾಲಿಯಾಯಿತು ಅಂದಿದ್ದ ಅದೇ ವೈನಿ ಮೂರೇ ಮೂರು ಸಲ ಉಟ್ಟ ಸೀರೆಯನ್ನು ಮಡಚಿಕೊಂಡು ವಾಪಸ್ ಮನೆಗೆ ಒಯ್ದರು. ಅದನ್ನು ದೀಪಾವಳಿಗೆ ಉಟ್ಟರು. ಆ ಹಬ್ಬಕ್ಕೆ ಅವರು ಹೊಸದು ತರಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ಅಂತ ನಾನು ಈಗಲೂ ಹೇಳುತ್ತೇನೆ.

ಕೈಚೀಲಗಳನ್ನೂ ಹೊಲಿದೆವು. ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬ ದರ್ಜಿ ಚಾಚಾ ತಮ್ಮ ಮಷಿನ್ ಮೇಲೆ ಹೊಲಿಗೆ ಕಲಿಸಿದರು. ಟೀ ಶರ್ಟಿನ ಚೀಲ ಬೇಡ, ಎರಡು ಕೇಜಿ ಉಳ್ಳಾಗಡ್ಡಿ ಹಾಕಿದರೆ ಮೊಣಕಾಲಿಗೆ ಬರುತ್ತದೆ. ಪ್ಯಾಂಟಿನ ಬಟ್ಟೆ, ಹಳೇ ಬೆಡ್‌ಶೀಟು ಒಳ್ಳೆಯವು. ಹಿಡಿಕೆ ಕೂಡಿಸುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಎರಡು ಗೆರೆ ಹೊಲಿಗೆ ಹಾಕಬೇಕು, ಇಲ್ಲದಿದ್ದರೆ ಅಲ್ಲೇ ಹರಿಯುತ್ತದೆ. ಸಿಂಥೆಟಿಕ್ ಸೀರೆಯ ಚೀಲ ಹಗುರ, ಗಟ್ಟಿ. ಹಾಸಿ ಮಲಗಲು ಬಾರದ ಬಟ್ಟೆ ಇಲ್ಲಿ ಕೆಲಸಕ್ಕೆ ಬಂತು.

ಕಣ್ಣಿ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಮಾರುವವರಿಗೆ ಒಂದಿಷ್ಟು ಕೊಟ್ಟೆವು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರಲ್ಲಿ. ಈಗ ಅಂಗಡಿಗಳಲ್ಲಿ ಬಟ್ಟೆ ಚೀಲದಂತೆ ಕಾಣುವ ಬಣ್ಣ ಬಣ್ಣದ ಚೀಲ ಕೊಡುತ್ತಾರೆ. ಅದು ಬಟ್ಟೆ ಅಲ್ಲ. ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅದರ ಒಂದು ತುಂಡನ್ನೂ ದೀಪಕ್ಕೆ ಹಿಡಿದು ತೋರಿಸಿದಾಗ ಭಾನುವಾರದ ಗುಂಪಿನವರು ನಂಬಲಾಗದೆ ನೋಡಿದರು. ಮಾರ್ಕೆಟ್ಟಿನ ಚೀಲಗಳು ಎಲ್ಲವೂ ವಾಪಸ್ ಬರಲಿಲ್ಲ. ಬದನೆಕಾಯಿ ಮಾರುವ ಅಜ್ಜಿ ಹತ್ತು ರೂಪಾಯಿ ಇಟ್ಟುಕೊಂಡು ಕೊಡಲು ಶುರು ಮಾಡಿದ ಮೇಲೆ ಸ್ವಲ್ಪ ಬಂದವು. ಅದು ಅವರದೇ ಉಪಾಯ.

ಆದರೂ ಮನೆಯಲ್ಲಿ ಪಾಲಿಸ್ಟರ್ ರಾಶಿ ಉಳಿದೇ ಇತ್ತು. ಉದ್ದುದ್ದ ಪಟ್ಟಿ ಹರಿದು, ಮೂರು ಎಳೆ ಹೆಣೆದು ಹಗ್ಗ ಮಾಡಿದೆವು. ಹಗ್ಗದಿಂದ ಅತ್ತೆಯ ಹಳೇ ಹೊರಸು (ಹಗ್ಗದ ಮಂಚ) ಹೆಣೆಸಿದೆವು. ಎಲ್ಲರಿಗೂ ಒಂದು ಮಾತು ಕೈಮುಗಿದು ಹೇಳುತ್ತೇನೆ: ಅದನ್ನು ಸುಡಬೇಡಿ. ಹಿತ್ತಲಲ್ಲಿ ಚಳಿಗೆ ಬೆಂಕಿ ಹಾಕಿ ಹಳೇ ಸೀರೆ ಎಸೆಯುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಪ್ಲಾಸ್ಟಿಕ್ ಸುಟ್ಟ ಹೊಗೆಯೇ ಅದು. ಅದನ್ನು ಒಗೆದಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಹಗ್ಗವಾಗಿ ಹೊರಸಿನಲ್ಲಿ ಇದ್ದರೆ ಅಷ್ಟು ವರ್ಷವಾದರೂ ಒಂದು ಕಡೆ ಇರುತ್ತದೆ. ಉಳಿದದ್ದು ಇನ್ನೂ ನಮ್ಮ ಟ್ರಂಕಿನಲ್ಲಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ದೀಪಾವಳಿ ಆದ ಮೇಲೆ ತವರಿಗೆ ಹೋದೆ. ಹತ್ತಿ ಬಿಡಿಸುವುದು ನಡೆದಿತ್ತು. ಹೊಲದಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು. ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದರು. ಹತ್ತಿ ಕಾಯಿಯ ಒಣ ತುದಿ ಕೈ ಗೀರುತ್ತದೆ, ಬಿಸಿಲು ಬೇರೆ. ಸಣ್ಣವಳಿದ್ದಾಗಿನಿಂದ ಇದನ್ನು ನೋಡಿದ್ದೆ, ಆದರೆ ಇದೂ ಹಳೇ ಬಟ್ಟೆಗೆ ಹೊಸ ಕೆಲಸ ಕೊಡುವುದೇ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆ ಹೊಲದಲ್ಲಿ ಅವರು ಉಟ್ಟ ಸೀರೆ ಒಂದೂ ಹತ್ತಿಯದಲ್ಲ. ನಾನು ಕೇಳಿದೆ. “ಹತ್ತಿ ಸೀರಿ ತುಟ್ಟಿರಿ ಅಕ್ಕಾ, ಇದು ಜಲ್ದಿ ಒಣಗ್ತದ” ಅಂದರು ಒಬ್ಬರು, ಕೈ ನಿಲ್ಲಿಸದೆ.

ಅಂಗಿ ತಂದುಕೊಡಲೇ ಅಂದೆ. ಗೂಂಜ್ ಸಂಸ್ಥೆಯ ಬಗ್ಗೆ ಓದಿದ್ದು ನೆನಪಿತ್ತು. ಅಂಶು ಗುಪ್ತಾ 1999ರಲ್ಲಿ ಶುರು ಮಾಡಿದ್ದು. ಅಲ್ಲಿ ಹಳೇ ಬಟ್ಟೆಯನ್ನು ದಾನ ಅಂತ ಕೊಡುವುದಿಲ್ಲ, ಊರಿನವರು ತಮ್ಮ ಊರಿಗಾಗಿ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕೊಡುತ್ತಾರೆ. ಆ ಮಾತು ಮನಸ್ಸಿನಲ್ಲಿ ಇದ್ದುದರಿಂದ, ನಿಮಗೆ ಏನು ಬೇಕು ಅಂತ ಕೇಳಿದೆ. ಅಂಗಿ ಬೇಡ ಅಂದರು, ಮನೆಯಲ್ಲಿ ಇವೆ. ಬೇಕಾದದ್ದು ಉಡಿ. ಬಿಡಿಸಿದ ಹತ್ತಿಯನ್ನು ತುಂಬಿಕೊಳ್ಳಲು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ. ಅವರು ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೋ ಹಳೇ ಸೀರೆಯನ್ನೋ ಕಟ್ಟಿಕೊಂಡಿದ್ದರು.

ಊರಿಗೆ ಬಂದು ಸಿಂಥೆಟಿಕ್ ಸೀರೆಗಳಲ್ಲಿ ಹದಿನಾಲ್ಕು ಉಡಿ ಹೊಲಿದೆವು. ಹಗುರ, ಗಟ್ಟಿ, ರಾಶಿಯೂ ಖರ್ಚಾಗುತ್ತದೆ. ಬಹಳ ಹೆಮ್ಮೆಯಿಂದ ಒಯ್ದೆ. ಅಣ್ಣ ಒಂದನ್ನು ಕೈಗೆ ತಗೊಂಡು ಒಳಗಿನ ಹೊಲಿಗೆ ತಿರುವಿ ನೋಡಿದ. ಬಣ್ಣದ ಎಳೆಯೋ ಪ್ಲಾಸ್ಟಿಕ್ ಎಳೆಯೋ ಹತ್ತಿಯಲ್ಲಿ ಸೇರಿದರೆ, ಬೀಜ ಬೇರ್ಪಡಿಸುವ ಜಿನ್ನಿಂಗ್‌ನಲ್ಲಿ ಅದು ಬೇರೆಯಾಗುವುದಿಲ್ಲ. ನೂಲಿಗೆ ಹೋಗುತ್ತದೆ, ಬಟ್ಟೆಯಲ್ಲಿ ಬಣ್ಣ ಹಿಡಿಯದ ಚುಕ್ಕೆಯಾಗಿ ಏಳುತ್ತದೆ. ಖರೀದಿದಾರರು ರೇಟು ಇಳಿಸುತ್ತಾರೆ. “ಬಿಳಿ ಹತ್ತಿ ಅರಿವಿದೇ ಬೇಕವಾ. ಗೊಬ್ಬರ ಚೀಲಾನೂ ಬ್ಯಾಡಂತ ನಾನೇ ಇವರಿಗಿ ಹೇಳ್ಕೋತ ಬಂದೀನಿ” ಅಂದ.

ಹದಿನಾಲ್ಕನ್ನೂ ವಾಪಸ್ ತಂದೆ. ಬಿಳಿ ಹತ್ತಿ ಅಂದರೆ ನಮ್ಮ ಮನೆಯಲ್ಲಿ ಉಳಿದದ್ದು ಮಾವನವರ ಧೋತರಗಳು ಮಾತ್ರ. ಅವನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮೂರು ದಿನ ಸುಮ್ಮನಿದ್ದೆ. ಅತ್ತೆಯೇ ಟ್ರಂಕು ತೆಗೆದು, ಐದು ಧೋತರ ಹೊರಗೆ ಇಟ್ಟರು. ಒಂದನ್ನು ಮಾತ್ರ ಮತ್ತೆ ಒಳಗೆ ಇಟ್ಟುಕೊಂಡರು. ನಾಲ್ಕು ಧೋತರದಲ್ಲಿ ಎರಡು ಪದರ ಹಾಕಿ ಹನ್ನೆರಡು ಉಡಿ ಬಂದವು. ದಾರವೂ ಬಿಳಿ ಹತ್ತಿಯದೇ. ಹೊಲಿಗೆಯ ಅಂಚು ಒಳಗೆ ಮಡಚಿ ಎಳೆ ಬಿಡದಂತೆ ಮಾಡಲು ಚಾಚಾ ತೋರಿಸಿಕೊಟ್ಟರು.

ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋದೆವು. ಬೇವಿನ ಗಿಡದ ಕೆಳಗೆ ಎರಡನೇ ಕೌದಿ ಹಾಸಿ, ಸಜ್ಜೆ ರೊಟ್ಟಿ, ಬಜ್ಜಿ ಬಿಚ್ಚಿದೆವು. ಅತ್ತೆ ಕೌದಿ ಮೇಲೆ ಕೂತು ಊಟ ಮಾಡಿದರು. ಬದುವಿನ ಮೇಲೆ ಒಣಹಾಕಿದ್ದ ಒಂದು ಉಡಿ ಕಂಡಿತು. ಅದಕ್ಕೆ ನಾನು ಹೊಲಿದ ಸೊಂಟದ ಕಸೆ ಬಿಚ್ಚಿ, ಯಾರೋ ಹಳೇ ಧೋತರದ್ದೇ ಅಗಲ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಕೂಡಿಸಿದ್ದರು. ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಹಾಗೆ. ತುಂಬಿದ ಉಡಿಯ ಭಾರ ನಡುವಿಗೆ ಬೀಳುವುದಿಲ್ಲ. ಹೊಲಿಗೆ ಸಣ್ಣದಾಗಿ, ಒಂದೇ ಅಳತೆಯಲ್ಲಿತ್ತು.

ಅದರ ಅಳತೆ ತಗೊಂಡು ಬಂದಿದ್ದೇನೆ. ಈ ಸಲದ ಸುಗ್ಗಿಗೆ ಮೊದಲು ಹಾಗೇ ಇಪ್ಪತ್ತು ಹೊಲಿಯಬೇಕು. ನಮ್ಮ ಮನೆಯಲ್ಲಿ ಧೋತರ ಮುಗಿದಿವೆ. ಓಣಿಯಲ್ಲಿ ಹಳೇ ಮನೆಗಳಿಗೆ ಹೋಗಿ ಕೇಳುತ್ತಿದ್ದೇನೆ. ಇಲ್ಲಿಯವರೆಗೆ ಏಳು ಸಿಕ್ಕಿವೆ.